ರೇಟು ಬದಲಾದ್ರೂ ಮೊಬೈಲಲ್ಲಿ ಹಳೇದೇ ಯಾಕೆ ಕಾಣುತ್ತೆ? ಮಧ್ಯದಲ್ಲಿ ಕೂತಿರೋ ‘ಕ್ಯಾಶ್’ ಕಥೆ ಇದು

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೆಳಗ್ಗೆ ಆರೂವರೆಯಿಂದ ಏಳೂವರೆ ತನಕ ಎಲ್ಲರದ್ದೂ ಒಂದೇ ಕೆಲಸ. ಇವತ್ತು ಶಾಲೆಗೆ ರಜೆ ಇದೆಯಾ ಇಲ್ವಾ ಅಂತ ಮೊಬೈಲ್ ನೋಡೋದು. ರಾತ್ರಿ ಹತ್ತಕ್ಕೆ ನೋಡಿದಾಗ ‘ರಜೆ ಬಗ್ಗೆ ಇನ್ನೂ ನಿರ್ಧಾರವಿಲ್ಲ’ ಅಂತಿರುತ್ತೆ. ಬೆಳಗ್ಗೆ 6.40ಕ್ಕೆ ಜಿಲ್ಲಾಧಿಕಾರಿ ಆದೇಶ ಬಂತು ಅಂತಿಟ್ಟುಕೊಳ್ಳಿ. 6.45ಕ್ಕೆ ವೆಬ್‌ಸೈಟಿನವರು ಸುದ್ದಿ ಬದಲಾಯಿಸ್ತಾರೆ. ಆದ್ರೆ 7.10ಕ್ಕೆ ಅದೇ ಲಿಂಕ್ ಒತ್ತಿದ ತಾಯಿಗೆ ರಾತ್ರಿಯ ಸಾಲೇ ಕಾಣುತ್ತೆ. ಮಗು ರೇನ್‌ಕೋಟ್ ಹಾಕ್ಕೊಂಡು, ಕೆಸರು ತುಳ್ಕೊಂಡು ಶಾಲೆ ಗೇಟಿನ ತನಕ ಹೋಗಿ ವಾಪಸ್ ಬರುತ್ತೆ.

ಅಡಿಕೆ ಬೆಳೆಗಾರರದ್ದೂ ಇದೇ ಪಾಡು. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದಕ್ಕೂ ದಿನಕ್ಕೊಂದು ರೇಟು. ಮಧ್ಯಾಹ್ನ ಮಾರುಕಟ್ಟೆಯ ಹೊಸ ಧಾರಣೆ ವೆಬ್‌ಸೈಟಿಗೆ ಬಂದಿರುತ್ತೆ. ಮೊಬೈಲಲ್ಲಿ ನೋಡಿದವರಿಗೆ ಮೊನ್ನೆಯದ್ದು ಕಾಣುತ್ತೆ. ಕ್ವಿಂಟಾಲ್‌ಗೆ ಸಾವಿರ ರೂಪಾಯಿ ವ್ಯತ್ಯಾಸ ಆದ ದಿನ ಹತ್ತು ಕ್ವಿಂಟಾಲ್ ಕೊಡೋಕೆ ಹೊರಟವನಿಗೆ ಅದು ಹತ್ತು ಸಾವಿರದ ಪ್ರಶ್ನೆ.

ಆಮೇಲೆ ಕಾಮೆಂಟಲ್ಲಿ ಬೈಗುಳ. ‘ಅಪ್‌ಡೇಟ್ ಮಾಡೋಕೆ ಬರಲ್ವಾ?’, ‘ಫೇಕ್ ನ್ಯೂಸ್’. ವೆಬ್‌ಸೈಟಿನವರು ತಮ್ಮ ಕಂಪ್ಯೂಟರಲ್ಲಿ ನೋಡಿದ್ರೆ ಸರಿಯಾಗೇ ಇರುತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಇಬ್ಬರ ಮಧ್ಯೆ ಮೂರನೆಯವನೊಬ್ಬ ಕೂತಿದ್ದಾನೆ. ಅವನ ಹೆಸರು ಪ್ರಾಕ್ಸಿ ಕ್ಯಾಶ್. ಉಚ್ಚಾರ ಒಂದೇ ಆದ್ರೂ ಇದು ದುಡ್ಡಿನ ಕ್ಯಾಶ್ ಅಲ್ಲ. ಪದೇ ಪದೇ ಬೇಕಾಗೋದನ್ನ ಕೈಗೆ ಸಿಗೋ ಜಾಗದಲ್ಲಿ ಇಟ್ಟುಕೊಳ್ಳೋ ದಾಸ್ತಾನು.

ತಾಲೂಕು ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿ

ಎಲ್ಲಾ ತಾಲೂಕು ಆಫೀಸಿನ ಎದುರಿಗೂ ಒಂದು ಜೆರಾಕ್ಸ್ ಅಂಗಡಿ ಇರುತ್ತೆ. ಅರ್ಜಿ ಫಾರಂ ಬೇಕಾದವರು ಒಳಗೆ ಹೋಗಿ ಕ್ಯೂ ನಿಲ್ಲಲ್ಲ, ಅಂಗಡಿಯಲ್ಲೇ ತಗೋತಾರೆ. ಅಂಗಡಿಯವನು ಒಮ್ಮೆ ಮಾತ್ರ ಒಳಗೆ ಹೋಗಿ ಒಂದು ಫಾರಂ ತಂದಿರ್ತಾನೆ, ಅದನ್ನೇ ನೂರು ಜನಕ್ಕೆ ಕೊಡ್ತಾನೆ. ಆಫೀಸಿನ ಗುಮಾಸ್ತರಿಗೂ ನೆಮ್ಮದಿ, ಜನಕ್ಕೂ ಸಮಯ ಉಳಿತಾಯ.

ತೊಂದರೆ ಬರೋದು ಆಫೀಸಿನವರು ಫಾರಂ ಬದಲಾಯಿಸಿದ ದಿನ. ಅಂಗಡಿಯವನಿಗೆ ಗೊತ್ತಿಲ್ಲ. ಹಳೇ ಫಾರಂ ಮಾರ್ತಾನೇ ಇರ್ತಾನೆ. ಜನ ತುಂಬಿಸಿ ಒಳಗೆ ಕೊಟ್ರೆ ‘ಇದು ನಡೆಯಲ್ಲ’ ಅಂತ ವಾಪಸ್ ಬರುತ್ತೆ.

ಪ್ರಾಕ್ಸಿ ಕ್ಯಾಶ್ ಅಂದ್ರೆ ಇಂಟರ್‌ನೆಟ್‌ನ ಈ ಜೆರಾಕ್ಸ್ ಅಂಗಡಿ. ವೆಬ್‌ಸೈಟಿನ ಮೂಲ ಕಂಪ್ಯೂಟರ್, ಅಂದ್ರೆ ಸರ್ವರ್, ತಾಲೂಕು ಆಫೀಸು. ನೀವು ಫಾರಂ ಕೇಳೋಕೆ ಬಂದವರು. ಇಂಥ ಅಂಗಡಿ ಒಂದಲ್ಲ, ದಾರಿಯುದ್ದಕ್ಕೂ ಮೂರು ಕಡೆ ಇರಬಹುದು. ಮೊದಲನೇದು ನಿಮ್ಮ ಮೊಬೈಲಿನ ಬ್ರೌಸರ್ ಒಳಗೇ. ಎರಡನೇದು ಕಾಲೇಜು ಲ್ಯಾಬ್, ಆಫೀಸುಗಳಲ್ಲಿ ಎಲ್ಲಾ ಕಂಪ್ಯೂಟರ್‌ಗಳಿಗೂ ಸೇರಿಸಿ ಇಟ್ಟಿರೋ ಪ್ರಾಕ್ಸಿ. ಮೂರನೇದು ವೆಬ್‌ಸೈಟಿನವರೇ ತಮ್ಮ ಸರ್ವರ್ ಮುಂದೆ ಕಾವಲಿಗೆ ಕೂರಿಸಿಕೊಂಡಿರೋದು. ಎನ್‌ಜಿನ್‌ಎಕ್ಸ್, ವಾರ್ನಿಶ್ ತರದ ಸಾಫ್ಟ್‌ವೇರ್, ಕ್ಲೌಡ್‌ಫ್ಲೇರ್ ತರದ ಸಿಡಿಎನ್ ಸೇವೆಗಳು ಈ ಗುಂಪಿನವು. ವಾರ್ನಿಶ್ ಹುಟ್ಟಿದ್ದೇ ಒಂದು ಪತ್ರಿಕೆಗಾಗಿ. ನಾರ್ವೆಯ ವೆರ್ಡೆನ್ಸ್ ಗಾಂಗ್ ಪತ್ರಿಕೆಯ ವೆಬ್‌ಸೈಟಿಗಾಗಿ ಮಾಡಿದ್ದು, 2006ರಲ್ಲಿ ಹೊರಬಂತು. ಗಳಿಗೆಗೊಮ್ಮೆ ಬದಲಾಗೋ ಪುಟವನ್ನ ಲಕ್ಷಾಂತರ ಜನಕ್ಕೆ ತೋರಿಸೋ ಕಷ್ಟ ಸುದ್ದಿ ಮನೆಗಳಿಗೆ ಮೊದಲಿಂದ ಇದ್ದಿದ್ದೇ.

ಕಾಲೇಜು ಲ್ಯಾಬಲ್ಲಿ ಓದಿದವರಿಗೆ ಬ್ರೌಸರ್ ಸೆಟ್ಟಿಂಗಲ್ಲಿ 3128 ಅಂತ ಪೋರ್ಟ್ ನಂಬರ್ ಹಾಕಿದ ನೆನಪಿರಬಹುದು. ಅದು ಸ್ಕ್ವಿಡ್ ಎಂಬ ಪ್ರಾಕ್ಸಿಯ ಮಾಮೂಲಿ ನಂಬರ್. ಅಮೆರಿಕದ ಹಾರ್ವೆಸ್ಟ್ ಅನ್ನೋ ಸಂಶೋಧನಾ ಯೋಜನೆಯಿಂದ ಕವಲೊಡೆದು 1996ರಲ್ಲಿ ಬಂದ ಸ್ಕ್ವಿಡ್ ಈಗಲೂ ಚಾಲ್ತಿಯಲ್ಲಿದೆ. ನಲವತ್ತು ಕಂಪ್ಯೂಟರಿಗೆ ಒಂದೇ ಸಣ್ಣ ಇಂಟರ್‌ನೆಟ್ ಲೈನ್ ಇದ್ದ ಕಾಲದಲ್ಲಿ ಇದಿಲ್ಲದೆ ಲ್ಯಾಬ್ ನಡೀತಿರಲಿಲ್ಲ.

ಎಷ್ಟು ಹೊತ್ತು ತಾಜಾ?

ಕ್ಯಾಶ್ ಒಳಗೆ ಪ್ರತಿ ಪುಟಕ್ಕೂ ಒಂದು ಆಯಸ್ಸು ಇರುತ್ತೆ. ಹಾಲಿನ ಪ್ಯಾಕೆಟ್ ಮೇಲೆ ದಿನಾಂಕ ಇರೋ ಹಾಗೆ. ಪುಟ ಕಳಿಸುವಾಗ ಸರ್ವರ್ ಅದರ ಜೊತೆ ಒಂದು ಚೀಟಿ ಕಳಿಸುತ್ತೆ. ಓದುಗರಿಗೆ ಆ ಚೀಟಿ ಕಾಣಲ್ಲ, ಕಂಪ್ಯೂಟರ್‌ಗಳು ಮಾತ್ರ ಓದುತ್ತವೆ. ಅದಕ್ಕೆ ಹೆಡರ್ ಅಂತಾರೆ. ಅದರಲ್ಲಿ ‘ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್ 300’ ಅಂತಿದ್ರೆ 300 ಸೆಕೆಂಡ್, ಅಂದ್ರೆ ಐದು ನಿಮಿಷ ಈ ಪ್ರತಿಯನ್ನ ನನ್ನ ಕೇಳದೇ ಕೊಡಬಹುದು ಅಂತ ಅರ್ಥ. ಐದು ನಿಮಿಷ ಕಳೆದ ಮೇಲೆ ಬಂದವರಿಗೆ ಕೊಡೋ ಮೊದಲು ನನ್ನನ್ನ ಕೇಳು ಅಂತ. ‘ಎಸ್-ಮ್ಯಾಕ್ಸ್-ಏಜ್’ ಅಂತ ಇನ್ನೊಂದಿದೆ. ಅದು ಹತ್ತಾರು ಜನಕ್ಕೆ ಹಂಚೋ ಪ್ರಾಕ್ಸಿಗಳಿಗೆ ಮಾತ್ರ, ನಿಮ್ಮ ಮೊಬೈಲ್ ಬ್ರೌಸರ್ ಅದನ್ನ ಲೆಕ್ಕಕ್ಕೆ ತಗೊಳಲ್ಲ. ಹಳೇ ಕಾಲದಲ್ಲಿ ‘ಎಕ್ಸ್‌ಪೈರ್ಸ್’ ಅಂತ ನೇರ ದಿನಾಂಕ, ಗಂಟೆ ಬರೆಯೋ ಪದ್ಧತಿ ಇತ್ತು. ಎರಡೂ ಕಡೆಯ ಗಡಿಯಾರ ಸರಿ ಇಲ್ದಿದ್ರೆ ಅದು ಎಡವಟ್ಟಾಗುತ್ತೆ, ಹಾಗಾಗಿ ಸೆಕೆಂಡ್ ಲೆಕ್ಕವೇ ವಾಸಿ.

ಇಷ್ಟು ಬರೆದುಬಿಟ್ರೆ ಅರ್ಧ ಸಮಸ್ಯೆ ಮುಗಿಯುತ್ತೆ. ಆದ್ರೆ ಈ ಚೀಟಿಯನ್ನೇ ಕಳಿಸದ ವೆಬ್‌ಸೈಟುಗಳು ಬೇಕಾದಷ್ಟಿವೆ. ಟೆಂಡರ್ ಕರೆದು ಮಾಡಿಸಿ, ಮಾಡಿದವರು ಹೋದ ಮೇಲೆ ಯಾರೂ ಒಳಗೆ ಇಣುಕದ ಸೈಟುಗಳದ್ದು ಹೆಚ್ಚಾಗಿ ಇದೇ ಕಥೆ. ಆಗ ಪ್ರಾಕ್ಸಿ ಏನು ಮಾಡುತ್ತೆ?

ಊಹೆ ಮಾಡುತ್ತೆ.

ಊಹೆಯ ಲೆಕ್ಕ, ಸೋಮವಾರದ ಎಡವಟ್ಟು

ಊಹೆ ಹೀಗೆ. ಫೈಲು ಕೊನೇ ಸಲ ಯಾವಾಗ ಬದಲಾಯ್ತು ಅನ್ನೋದನ್ನ ಸರ್ವರ್ ಸಾಮಾನ್ಯವಾಗಿ ‘ಲಾಸ್ಟ್-ಮಾಡಿಫೈಡ್’ ಅಂತ ಹೇಳಿರುತ್ತೆ. ತುಂಬಾ ದಿನದಿಂದ ಬದಲಾಗದ ಫೈಲು ಇನ್ನೂ ಸ್ವಲ್ಪ ದಿನ ಬದಲಾಗಲಿಕ್ಕಿಲ್ಲ, ಈಗಷ್ಟೇ ಬದಲಾದದ್ದು ಬೇಗ ಮತ್ತೆ ಬದಲಾಗಬಹುದು ಅನ್ನೋ ತರ್ಕ. ಹಾಗಾಗಿ ಫೈಲಿನ ವಯಸ್ಸಿನ ಒಂದು ಪಾಲನ್ನ ಅದರ ಆಯಸ್ಸು ಅಂತ ಇಟ್ಟುಕೊಳ್ಳುತ್ತೆ. ವೆಬ್‌ನ ನಿಯಮ ಪುಸ್ತಕದಲ್ಲಿ ಉದಾಹರಣೆಗೆ ಕೊಟ್ಟಿರೋದು ಶೇ. 10. ಸ್ಕ್ವಿಡ್ ಹೊಸದಾಗಿ ಹಾಕಿದಾಗ ಬರೋ ಸೆಟ್ಟಿಂಗ್ ಶೇ. 20, ಗರಿಷ್ಠ 4320 ನಿಮಿಷ, ಅಂದ್ರೆ ಮೂರು ದಿನ.

ಕೇಳೋಕೆ ಚೆನ್ನಾಗಿದೆ. ಈಗ ಅಡಿಕೆ ರೇಟಿನ ಫೈಲಿಗೆ ಇದನ್ನ ಹಚ್ಚಿ ನೋಡೋಣ.

ಶನಿವಾರ ಸಂಜೆ 6 ಗಂಟೆಗೆ ರೇಟಿನ ಫೈಲ್ ಹಾಕಿದ್ರು. ಭಾನುವಾರ ಮಾರುಕಟ್ಟೆ ರಜೆ, ಫೈಲ್ ಮುಟ್ಟಲಿಲ್ಲ. ಸೋಮವಾರ ಬೆಳಗ್ಗೆ 9ಕ್ಕೆ ಪ್ರಾಕ್ಸಿ ಹಿಂದಿರೋ ಯಾರೋ ಒಬ್ಬರು ಆ ಪುಟ ತೆಗೆದ್ರು. ಆಗ ಫೈಲಿನ ವಯಸ್ಸು 39 ಗಂಟೆ. ಅದರ ಶೇ. 20 ಅಂದ್ರೆ 7 ಗಂಟೆ 48 ನಿಮಿಷ. ಅಂದ್ರೆ ಸೋಮವಾರ ಸಂಜೆ 4.48ರ ತನಕ ಈ ಪ್ರತಿ ತಾಜಾ ಅಂತ ಪ್ರಾಕ್ಸಿ ತೀರ್ಮಾನ ಮಾಡ್ತು. ಮಧ್ಯಾಹ್ನ 2ಕ್ಕೆ ಹೊಸ ರೇಟು ಬಂತು. ಆ ಪ್ರಾಕ್ಸಿ ಹಿಂದಿರೋ ಅಷ್ಟೂ ಜನಕ್ಕೆ ಮುಂದಿನ ಎರಡೂ ಮುಕ್ಕಾಲು ಗಂಟೆ ಶನಿವಾರದ ರೇಟೇ ಕಂಡಿತು. ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಸರಿಹೋಯ್ತು.

ಇದಕ್ಕಿಂತ ಕೆಟ್ಟದ್ದು ಸುತ್ತೋಲೆಗಳ ವಿಷಯದಲ್ಲಿ ಆಗುತ್ತೆ. ಪರೀಕ್ಷೆ ವೇಳಾಪಟ್ಟಿಯ ಪಿಡಿಎಫ್ ಜೂನ್ 1ಕ್ಕೆ ಹಾಕಿದ್ದಾರೆ. ಜೂನ್ 11ರ ಬೆಳಗ್ಗೆ ಒಬ್ಬ ವಿದ್ಯಾರ್ಥಿ ಲ್ಯಾಬಲ್ಲಿ ತೆಗೆದ. ಹತ್ತು ದಿನ ಹಳೇ ಫೈಲು, ಅದರ ಶೇ. 20 ಅಂದ್ರೆ ಎರಡು ದಿನ. ಅದೇ ದಿನ ಸಂಜೆ ಒಂದು ಪೇಪರ್ ಮುಂದಕ್ಕೆ ಹೋಯ್ತು ಅಂತ ಅದೇ ಹೆಸರಲ್ಲಿ ಹೊಸ ಪಿಡಿಎಫ್ ಹಾಕಿದ್ರು. ಆ ಲ್ಯಾಬಿನ ವಿದ್ಯಾರ್ಥಿಗಳಿಗೆ ಜೂನ್ 13ರ ಬೆಳಗಿನ ತನಕ ಹಳೇ ವೇಳಾಪಟ್ಟಿ. ದಿನಾ ಬದಲಾಗೋ ಫೈಲಿಗೆ ಈ ಊಹೆ ಹೇಗೋ ನಡೆಯುತ್ತೆ, ಅರ್ಧ ಗಂಟೆ ಹಿಂದೆ ಬದಲಾದ ಫೈಲನ್ನ ಆರೇ ನಿಮಿಷ ನಂಬುತ್ತೆ. ಸುಮ್ಮನೆ ಮಲಗಿದ್ದು ಒಂದು ದಿನ ದಿಢೀರ್ ಅಂತ ಬದಲಾಗೋ ಫೈಲಲ್ಲೇ ಅದು ಮೋಸ ಹೋಗೋದು. ನಮ್ಮ ಕಡೆ ಮುಖ್ಯವಾದ ಫೈಲುಗಳೆಲ್ಲ ಹೆಚ್ಚಾಗಿ ಆ ಜಾತಿಯವೇ.

ವೆಬ್‌ಸೈಟಿನ ಮುಂದೆ ಕೂತ ಕ್ಯಾಶ್‌ಗಳಿಗೂ ತಮ್ಮದೇ ಊಹೆ ಇದೆ. ಚೀಟಿ ಇಲ್ಲದ ಪುಟವನ್ನ ವಾರ್ನಿಶ್ ಎರಡು ನಿಮಿಷ ಇಟ್ಟುಕೊಳ್ಳುತ್ತೆ. ಕ್ಲೌಡ್‌ಫ್ಲೇರ್ ಮಾಮೂಲಿ ಸುದ್ದಿ ಪುಟವನ್ನ ತಾನಾಗಿ ಇಟ್ಟುಕೊಳ್ಳಲ್ಲ, ಆದ್ರೆ ಪಿಡಿಎಫ್, ಚಿತ್ರ, ಸಿಎಸ್‌ವಿ ಪಟ್ಟಿಗಳನ್ನ ಎರಡು ಗಂಟೆ ಇಟ್ಟುಕೊಳ್ಳುತ್ತೆ. ‘ಸುದ್ದಿ ಹೊಸದು, ಒಳಗಿನ ಪಿಡಿಎಫ್ ಹಳೇದು’ ಅನ್ನೋ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದು.

‘ಬದಲಾಗಿದ್ಯಾ ಸಾರ್?’

ಹಾಗಾದ್ರೆ ಪ್ರತಿ ಸಲವೂ ಸರ್ವರ್‌ನಿಂದಲೇ ಪೂರ್ತಿ ತರಬೇಕಾ? ಬೇಡ. ಜೆರಾಕ್ಸ್ ಅಂಗಡಿಯ ಹುಡುಗನನ್ನ ಒಳಗೆ ಕಳಿಸಿ ‘ಜೂನ್ 1ರ ಫಾರಂ ನಮ್ಮತ್ರ ಇದೆ, ಆಮೇಲೆ ಬದಲಾಗಿದ್ಯಾ ಸಾರ್?’ ಅಂತ ಕೇಳಿದ್ರೆ ಸಾಕು. ‘ಇಲ್ಲ, ಅದೇ ಕೊಡು’ ಅಂದ್ರೆ ಹುಡುಗ ಬರಿಗೈಲಿ ಬರ್ತಾನೆ, ಅಂಗಡಿಯ ಪ್ರತಿಯೇ ನಡೆಯುತ್ತೆ. ಬದಲಾಗಿದ್ರೆ ಹೊಸದನ್ನ ತರ್ತಾನೆ.

ವೆಬ್‌ನಲ್ಲಿ ಈ ಪ್ರಶ್ನೆಗೆ ‘ಇಫ್-ಮಾಡಿಫೈಡ್-ಸಿನ್ಸ್’ ಅಂತ ಹೆಸರು. ಬದಲಾಗಿಲ್ಲ ಅನ್ನೋ ಉತ್ತರದ ನಂಬರ್ 304. ಎರಡು ಎಂಬಿಯ ಪಿಡಿಎಫ್ ಆದ್ರೂ 304 ಉತ್ತರ ಕೆಲವೇ ನೂರು ಅಕ್ಷರ. ದಿನಾಂಕದ ಬದಲು ಗುರುತಿನ ಚೀಟಿ ಬಳಸೋದೂ ಇದೆ, ಅದಕ್ಕೆ ‘ಈಟ್ಯಾಗ್’ ಅಂತಾರೆ. ಲಾಸ್ಟ್-ಮಾಡಿಫೈಡ್ ಸೆಕೆಂಡ್ ತನಕ ಮಾತ್ರ ಲೆಕ್ಕ ಇಡುತ್ತೆ. ಒಂದೇ ಸೆಕೆಂಡಲ್ಲಿ ಎರಡು ಸಲ ಬದಲಾದ್ರೆ ಅದಕ್ಕೆ ಗೊತ್ತಾಗಲ್ಲ, ಈಟ್ಯಾಗಿಗೆ ಗೊತ್ತಾಗುತ್ತೆ.

ಇಲ್ಲಿ ಒಂದು ಹೆಸರಿನ ಗೊಂದಲ ಇದೆ. ಪ್ರತಿ ಸಲ ಕೇಳು ಅನ್ನೋದಕ್ಕೆ ಚೀಟಿಯಲ್ಲಿ ಬರೆಯೋದು ‘ನೋ-ಕ್ಯಾಶ್’. ಹೆಸರು ನೋಡಿದ್ರೆ ಇಟ್ಟುಕೊಳ್ಳಲೇಬೇಡ ಅಂದ ಹಾಗಿದೆ. ಅಲ್ಲ. ಇಟ್ಟುಕೋ, ಆದ್ರೆ ಕೇಳದೇ ಕೊಡಬೇಡ ಅಂತ. ಇಟ್ಟುಕೊಳ್ಳಲೇಬೇಡ ಅನ್ನೋಕೆ ಬೇರೆ ಪದ, ‘ನೋ-ಸ್ಟೋರ್’. ಬ್ಯಾಂಕ್ ಖಾತೆ ಪುಟ, ಒಬ್ಬೊಬ್ಬರ ಅಂಕಪಟ್ಟಿಗೆ ನೋ-ಸ್ಟೋರ್ ಸರಿ. ಅಡಿಕೆ ರೇಟಿಗೂ, ಡ್ಯಾಂ ನೀರಿನ ಮಟ್ಟಕ್ಕೂ ನೋ-ಸ್ಟೋರ್ ಹಾಕೋದು ದಂಡ. ಎಲ್ಲರಿಗೂ ಅದೇ ಅಂಕಿ ತೋರಿಸೋದು ತಾನೆ? ಈ ಎರಡು ಪದದ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲದಕ್ಕೂ ನೋ-ಸ್ಟೋರ್ ಬರೆದು, ರಿಸಲ್ಟ್ ದಿನ ಸರ್ವರ್ ಮಲಗಿಸಿಕೊಳ್ಳೋರು ಇದ್ದಾರೆ.

ಒಂದೇ ನಿಮಿಷದ ಲಾಭ

‘ತಾಜಾ ಬೇಕು ಅಂದ್ರೆ ಕ್ಯಾಶ್ ಬೇಡ, ಕ್ಯಾಶ್ ಬೇಕು ಅಂದ್ರೆ ಹಳೇದು’ ಅಂತ ತುಂಬಾ ಜನ ನಂಬಿದ್ದಾರೆ. ಲೆಕ್ಕ ಹಾಕಿದ್ರೆ ಹಾಗಿಲ್ಲ. ಒಂದು ಗಂಟೆಯಲ್ಲಿ 10,000 ಜನ ರಜೆ ಸುದ್ದಿ ಒತ್ತಿದ್ರು ಅಂತಿಟ್ಟುಕೊಳ್ಳಿ. ಕ್ಯಾಶ್ ಇಲ್ದಿದ್ರೆ ಸರ್ವರ್ 10,000 ಸಲ ಪುಟ ತಯಾರಿಸಬೇಕು. ಒಂದೇ ನಿಮಿಷದ ಆಯಸ್ಸು ಕೊಟ್ರೆ? ನಿಮಿಷಕ್ಕೊಂದರಂತೆ 60 ಸಲ. ಹತ್ತು ಸೆಕೆಂಡ್ ಕೊಟ್ರೂ 360 ಸಲ ಅಷ್ಟೇ. ಓದುಗ ನೋಡೋ ಸುದ್ದಿ ಅಬ್ಬಬ್ಬಾ ಅಂದ್ರೆ ಒಂದು ನಿಮಿಷ ಹಳೇದು. ಆದೇಶ ಬಂದ ಮೇಲೆ ಅದನ್ನ ಟೈಪ್ ಮಾಡೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಜನ ಜಾಸ್ತಿ ಇದ್ದಷ್ಟೂ ಸಣ್ಣ ಆಯಸ್ಸಿನಿಂದಲೇ ದೊಡ್ಡ ಉಳಿತಾಯ. ಗಂಟೆಗೆ ಮೂರು ಜನ ನೋಡೋ ಪುಟಕ್ಕೆ ಒಂದು ನಿಮಿಷದ ಕ್ಯಾಶ್ ಹಾಕಿದ್ರೆ ಏನೂ ಸಿಗಲ್ಲ. ಆದ್ರೆ ಗಂಟೆಗೆ ಮೂರು ಜನ ಬರೋದಾದ್ರೆ ಯಾರಿಗೂ ಚಿಂತೆಯೂ ಇಲ್ಲ.

ಮೈಕಲ್ ಜಾಕ್ಸನ್ ತೀರಿಕೊಂಡ ದಿನ

ಆಯಸ್ಸು ಮುಗಿಯೋ ಆ ಒಂದು ಗಳಿಗೆ ಅಪಾಯದ್ದು. ಹಳೇ ಪ್ರತಿ ಹೋಯ್ತು, ಹೊಸದು ಇನ್ನೂ ಬಂದಿಲ್ಲ, ಬಾಗಿಲಲ್ಲಿ ಐನೂರು ಜನ. ಪ್ರಾಕ್ಸಿ ಬುದ್ಧಿ ಇಲ್ಲದ್ದಾದ್ರೆ ಐನೂರು ಜನರನ್ನೂ ಸರ್ವರ್ ಮೇಲೆ ಬಿಡುತ್ತೆ.

2009ರ ಜೂನ್ 25ರಂದು ಪಾಪ್ ಗಾಯಕ ಮೈಕಲ್ ಜಾಕ್ಸನ್ ತೀರಿಕೊಂಡಾಗ ವಿಕಿಪೀಡಿಯಕ್ಕೆ ಆಗಿದ್ದು ಇದೇ. ಜಗತ್ತೆಲ್ಲ ಅದೇ ಪುಟ ತೆಗೀತಿತ್ತು. ಅದೇ ಹೊತ್ತಿಗೆ ಸಂಪಾದಕರು ಆ ಪುಟವನ್ನ ಮೇಲಿಂದ ಮೇಲೆ ತಿದ್ದುತ್ತಿದ್ರು. ಪ್ರತಿ ತಿದ್ದುಪಡಿಗೂ ಕ್ಯಾಶ್‌ನ ಪ್ರತಿ ರದ್ದು. ರದ್ದಾದ ಕೂಡಲೇ ಕಾಯ್ತಿದ್ದ ಅಷ್ಟೂ ಜನಕ್ಕೆ ಸರ್ವರ್‌ಗಳು ಅದೇ ಉದ್ದನೆಯ ಪುಟವನ್ನ ಬೇರೆ ಬೇರೆಯಾಗಿ ತಯಾರಿಸೋಕೆ ಕೂತ್ವು. ಒಂದು ಮುಗಿಯೋದ್ರೊಳಗೆ ಮತ್ತೆ ತಿದ್ದುಪಡಿ. ವಿಕಿಪೀಡಿಯ ಸ್ವಲ್ಪ ಹೊತ್ತು ತತ್ತರಿಸಿತು. ಆಮೇಲೆ ಅವರು ಪೂಲ್‌ಕೌಂಟರ್ ಅಂತ ಒಂದು ವ್ಯವಸ್ಥೆ ಮಾಡಿಕೊಂಡ್ರು. ಒಂದು ಪುಟವನ್ನ ಒಬ್ಬ ತಯಾರಿಸ್ತಿದ್ರೆ ಉಳಿದವರು ಕಾಯಬೇಕು, ಇಲ್ಲಾ ಹಳೇ ಪ್ರತಿ ತಗೊಂಡು ಹೋಗಬೇಕು. ವಿಕಿಪೀಡಿಯದ ತಂತ್ರಜ್ಞರು ಈ ತೊಂದರೆಗೆ ‘ಮೈಕಲ್ ಜಾಕ್ಸನ್ ಸಮಸ್ಯೆ’ ಅಂತಲೇ ಹೆಸರಿಟ್ಟಿದ್ದಾರೆ.

ಈ ‘ಹಳೇದನ್ನ ಕೊಡ್ತಾ ಹಿಂದಿನಿಂದ ಹೊಸದು ತರೋ’ ಉಪಾಯ 2010ರಲ್ಲಿ ಎಲ್ಲರಿಗೂ ಬಳಸೋಕೆ ಬರೋ ಹಾಗೆ ಬರಹಕ್ಕೆ ಇಳೀತು. ‘ಸ್ಟೇಲ್-ವೈಲ್-ರಿವ್ಯಾಲಿಡೇಟ್ 30’ ಅಂತ ಚೀಟಿಯಲ್ಲಿ ಬರೆದ್ರೆ, ಆಯಸ್ಸು ಮುಗಿದ ಮೇಲೂ 30 ಸೆಕೆಂಡ್ ತನಕ ಬಂದವರಿಗೆ ಹಳೇದನ್ನೇ ಕೊಟ್ಟು, ಅಷ್ಟರಲ್ಲಿ ಹೊಸದನ್ನ ತರಿಸಬಹುದು. ಯಾರೂ ಕಾಯಬೇಕಿಲ್ಲ. ಇದರ ಅಣ್ಣತಮ್ಮ ‘ಸ್ಟೇಲ್-ಇಫ್-ಎರರ್’. ಸರ್ವರ್ ಬಿದ್ದುಹೋಗಿದ್ರೆ ಖಾಲಿ ಪುಟದ ಬದಲು ಹಳೇದನ್ನಾದ್ರೂ ತೋರಿಸು ಅಂತ.

ಆದ್ರೆ ಸಣ್ಣ ಊರಿನ ಸೈಟುಗಳು ಇಲ್ಲೊಂದು ಕಡೆ ಎಡವುತ್ತವೆ. ‘ಇರಲಿ’ ಅಂತ 30 ಸೆಕೆಂಡ್ ಬದಲು ಒಂದು ದಿನ ಬರೆದುಬಿಟ್ರೆ ಏನಾಗುತ್ತೆ? ರಾತ್ರಿ ಹನ್ನೊಂದರ ಮೇಲೆ ರಜೆ ಪುಟವನ್ನ ಯಾರೂ ನೋಡಿಲ್ಲ. ಬೆಳಗ್ಗೆ ಸುದ್ದಿ ಬದಲಾಗಿದೆ. ಮೊದಲು ಬಂದವರಿಗೆ ನಿಯಮದ ಪ್ರಕಾರ ರಾತ್ರಿಯ ಪ್ರತಿಯೇ ಸಿಗುತ್ತೆ, ಹೊಸದು ಬರೋದು ಎರಡನೆಯವರಿಗೆ. ಊರಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ನೋಡೋರು ದೂರದ ಹಳ್ಳಿಯಿಂದ ಬೇಗ ಬಸ್ ಹಿಡಿಯೋ ಮಕ್ಕಳ ಮನೆಯವರು. ಹಳೇ ಸುದ್ದಿ ಹೋಗಿ ಬೀಳೋದು ಅವರಿಗೇ.

ಸಿಡಿಎನ್ ಬಳಸಿದ್ರೆ ಇನ್ನೂ ಒಂದು ಸುತ್ತು. ಅದರ ಅಂಗಡಿಗಳು ಬೇರೆ ಬೇರೆ ನಗರಗಳಲ್ಲಿ ಇರುತ್ತವೆ, ಒಂದೊಂದರ ದಾಸ್ತಾನೂ ಬೇರೆ. ನಿಮ್ಮ ಸಿಮ್ ನಿಮ್ಮನ್ನ ಬೆಂಗಳೂರಿನ ಅಂಗಡಿಗೆ ಕಳಿಸಿದ್ರೆ, ಪಕ್ಕದ ಮನೆಯವರ ಸಿಮ್ ಅವರನ್ನ ಚೆನ್ನೈ ಅಂಗಡಿಗೆ ಕಳಿಸಬಹುದು. ಒಂದೇ ಜಗಲಿಯಲ್ಲಿ ಕೂತು ಒಂದೇ ಲಿಂಕ್ ತೆಗೆದ ಇಬ್ಬರಿಗೆ ಬೇರೆ ಬೇರೆ ರೇಟು ಕಾಣೋದು ಹೀಗೆ.

ಒಳಗಿನ ಅಂಗಡಿ, ಹೊರಗಿನ ಅಂಗಡಿ

ಆಫೀಸಿನವರೇ ಅಂಗಡಿಗೆ ಫೋನ್ ಮಾಡಿ ‘ಹಳೇ ಫಾರಂ ಹರಿದು ಹಾಕಿ’ ಅಂದುಬಿಟ್ರೆ ಎಲ್ಲಾ ಸಲೀಸು. ಇದಕ್ಕೆ ‘ಪರ್ಜ್’ ಅಂತಾರೆ. ಸುದ್ದಿ ತಿದ್ದಿ ಪಬ್ಲಿಷ್ ಒತ್ತಿದ ಕೂಡಲೇ ಆ ಪುಟದ ಪ್ರತಿಯನ್ನ ಕ್ಯಾಶ್‌ನಿಂದ ತೆಗೆಯೋ ವ್ಯವಸ್ಥೆ ಈಗಿನ ಹೆಚ್ಚಿನ ಸಿಡಿಎನ್‌ಗಳಲ್ಲಿದೆ. ಆ ಒಂದು ಸುದ್ದಿಯ ಪುಟ ಅಷ್ಟೇ ತೆಗೆದ್ರೆ ಸಾಲದು. ಮುಖಪುಟ, ತಾಲೂಕು ಪುಟ, ಆ ಸುದ್ದಿಯ ಶೀರ್ಷಿಕೆ ಎಲ್ಲೆಲ್ಲಿ ಇದೆಯೋ ಅವನ್ನೂ ತೆಗೆಯಬೇಕು. ಇದು ಮರೆತುಹೋಗಿ ಮುಖಪುಟದಲ್ಲಿ ‘ರಜೆ ಇಲ್ಲ’, ಒಳಗೆ ‘ರಜೆ ಘೋಷಣೆ’ ಅಂತ ಕಾಣೋದುಂಟು.

ಪರ್ಜ್‌ಗೆ ಒಂದು ಮಿತಿ. ಫೋನ್ ನಂಬರ್ ಗೊತ್ತಿರೋ ಅಂಗಡಿಗೆ ಮಾತ್ರ ಫೋನ್ ಮಾಡೋಕೆ ಸಾಧ್ಯ. ವೆಬ್‌ಸೈಟಿನವರ ಸ್ವಂತ ಕ್ಯಾಶ್‌ಗೆ, ಅವರು ದುಡ್ಡು ಕೊಟ್ಟ ಸಿಡಿಎನ್‌ಗೆ ಹೇಳಬಹುದು. ಯಾವುದೋ ಕಾಲೇಜಿನ ಪ್ರಾಕ್ಸಿಗೆ, ಲಕ್ಷ ಜನರ ಮೊಬೈಲ್ ಒಳಗಿನ ಕ್ಯಾಶ್‌ಗೆ ಹೇಳೋಕಾಗಲ್ಲ. ಒಮ್ಮೆ ‘ಒಂದು ದಿನ ಇಟ್ಟುಕೋ’ ಅಂತ ಚೀಟಿ ಕಳಿಸಿದ ಮೇಲೆ ಮುಗೀತು, ಬಾಣ ಬಿಟ್ಟ ಹಾಗೆ.

ಇದನ್ನ ಅಚ್ಚುಕಟ್ಟಾಗಿ ನಿಭಾಯಿಸಿರೋದು ಮತ್ತೆ ವಿಕಿಪೀಡಿಯ. ಕನ್ನಡ ವಿಕಿಪೀಡಿಯದ ಒಂದು ಪುಟವನ್ನ ಅವರ ಸ್ವಂತ ಕ್ಯಾಶ್‌ಗಳು ಆರಾಮಾಗಿ ಇಟ್ಟುಕೊಂಡಿರುತ್ತವೆ, ಯಾಕಂದ್ರೆ ಯಾರಾದ್ರೂ ತಿದ್ದಿದ ಕೂಡಲೇ ಪರ್ಜ್ ಕಳಿಸೋಕೆ ಬರುತ್ತೆ. ಅದೇ ಪುಟ ಅವರ ಅಂಗಳ ದಾಟಿ ಹೊರಗೆ ಹೋಗುವಾಗ ಚೀಟಿ ಬದಲಾಗುತ್ತೆ. ‘ಆಯಸ್ಸು ಸೊನ್ನೆ, ಪ್ರತಿ ಸಲ ನನ್ನ ಕೇಳಲೇಬೇಕು’ ಅಂತ. ಹಾಗಾಗೇ ನೀವು ಅಲ್ಲಿ ಒಂದು ಅಕ್ಷರ ತಿದ್ದಿದ್ರೆ ಮುಂದಿನ ಓದುಗನಿಗೆ ತಿದ್ದಿದ್ದೇ ಕಾಣೋದು. ಎಲ್ಲಾದ್ರೂ ಹಳೇದು ಉಳಿದುಹೋದ್ರೆ ಓದುಗರೇ ‘ಪರ್ಜ್’ ಕೇಳೋ ಸೌಲಭ್ಯವೂ ಇದೆ. ಹತ್ತು ಜನರ ಸಿಬ್ಬಂದಿ ಇರೋ ಸೈಟಿಗೂ ಇದೇ ದಾರಿ ಒಳ್ಳೇದು, ನಮ್ಮ ಮಾತು ಕೇಳೋ ಕ್ಯಾಶ್‌ಗೆ ಉದ್ದ ಆಯಸ್ಸು, ಕೇಳದ್ದಕ್ಕೆ ಗಿಡ್ಡ.

ಹೆಸರು ಬದಲಾಯಿಸಿದ್ರೆ ಜಗಳವೇ ಇಲ್ಲ

ಇನ್ನೊಂದು ದಾರಿ ಹಳೇದು, ಸುಲಭದ್ದು. ಕ್ಯಾಶ್ ಯಾವುದನ್ನೇ ಆಗಲಿ ಗುರುತಿಸೋದು ವಿಳಾಸದಿಂದ. ವಿಳಾಸದಲ್ಲಿ ಒಂದು ಅಕ್ಷರ ಬೇರೆಯಾದ್ರೂ ಅದು ಬೇರೆಯೇ ವಸ್ತು. ಹಾಗಾಗಿ ವೇಳಾಪಟ್ಟಿ ಬದಲಾದಾಗ ಅದೇ ಹೆಸರಿನ ಪಿಡಿಎಫ್ ಮೇಲೆ ಹೊಸದನ್ನ ಹೇರೋ ಬದಲು, ಹೆಸರಿಗೆ ದಿನಾಂಕ ಸೇರಿಸಿ ಹೊಸ ಫೈಲ್ ಹಾಕಿ, ಪುಟದಲ್ಲಿನ ಲಿಂಕ್ ಬದಲಾಯಿಸಿದ್ರೆ ಆಯ್ತು. ಯಾವ ಪ್ರಾಕ್ಸಿಯಲ್ಲೂ ಹೊಸ ಹೆಸರಿನ ಹಳೇ ಪ್ರತಿ ಇರೋಕೆ ಸಾಧ್ಯವೇ ಇಲ್ಲ. ದೊಡ್ಡ ಸೈಟುಗಳು ವಿನ್ಯಾಸದ ಫೈಲು, ಚಿತ್ರಗಳಿಗೆಲ್ಲ ಹೀಗೇ ಮಾಡಿ, ಒಂದು ವರ್ಷದ ಆಯಸ್ಸು ಕೊಟ್ಟು ನಿಶ್ಚಿಂತೆಯಿಂದ ಇರುತ್ತವೆ. ಲಿಂಕ್ ಇರೋ ಪುಟಕ್ಕೆ ಮಾತ್ರ ಗಿಡ್ಡ ಆಯಸ್ಸು.

ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಒಂದು ನಂಬರ್ ಸೇರಿಸೋದೂ ಇದೇ ಉಪಾಯದ ಇನ್ನೊಂದು ರೂಪ. ಚಿಹ್ನೆ ಇರೋ ವಿಳಾಸಗಳ ಬಗ್ಗೆ ಸ್ಕ್ವಿಡ್ ಮೊದಲಿಂದಲೂ ಊಹೆ ಮಾಡೋಕೆ ಹೋಗಲ್ಲ, ಆಯಸ್ಸು ಸೊನ್ನೆ ಅಂತಲೇ ಇಟ್ಟುಕೊಳ್ಳುತ್ತೆ. ಆದ್ರೆ ಕೆಲವು ಸಿಡಿಎನ್‌ಗಳಲ್ಲಿ ಚಿಹ್ನೆಯ ಮುಂದಿನದ್ದನ್ನ ನೋಡಬೇಡ ಅಂತ ಸೆಟ್ ಮಾಡಿರ್ತಾರೆ. ಹೆಸರನ್ನೇ ಬದಲಾಯಿಸೋದು ಗಟ್ಟಿ.

ಕಾಲೇಜು ಪ್ರಾಕ್ಸಿ ಈಗ ಎಷ್ಟು ತಪ್ಪಿತಸ್ಥ?

ಹತ್ತು ಹದಿನೈದು ವರ್ಷದ ಹಿಂದೆ ಹಳೇ ಪುಟ ಕಂಡ್ರೆ ಲ್ಯಾಬ್ ಪ್ರಾಕ್ಸಿ ಮೇಲೆ ಗುಮಾನಿ ಪಡೋದು ನ್ಯಾಯವಾಗಿತ್ತು. ಈಗ ಬಹುಪಾಲು ಸೈಟುಗಳು ಬೀಗದ ಗುರುತಿನ ಎಚ್‌ಟಿಟಿಪಿಎಸ್‌ಗೆ ಬದಲಾಗಿವೆ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಬೀಗ ಇಲ್ಲದ ಎಲ್ಲಾ ಸೈಟಿನ ಮೇಲೂ ‘ಸುರಕ್ಷಿತವಲ್ಲ’ ಅಂತ ತೋರಿಸೋಕೆ ಶುರು ಮಾಡಿದ್ದೂ ಇದಕ್ಕೆ ಒಂದು ಕಾರಣ. ಬೀಗ ಹಾಕಿದ ಲಕೋಟೆಯಲ್ಲಿ ಏನಿದೆ ಅಂತ ದಾರಿಯಲ್ಲಿರೋ ಪ್ರಾಕ್ಸಿಗೆ ಕಾಣಲ್ಲ. ಕಾಣದ್ದನ್ನ ಜೆರಾಕ್ಸ್ ಮಾಡಿ ಇಟ್ಟುಕೊಳ್ಳೋಕೂ ಆಗಲ್ಲ, ಸುಮ್ಮನೆ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತೆ. ತನ್ನದೇ ಸರ್ಟಿಫಿಕೇಟ್ ಪ್ರತಿ ಕಂಪ್ಯೂಟರಿಗೂ ಹಾಕಿ ಲಕೋಟೆ ಬಿಚ್ಚೋ ಆಫೀಸುಗಳು ಇವೆ, ಅವು ಬೇರೆ. ಉಳಿದ ಕಡೆ ಈಗ ಹಳೇ ಪುಟ ಕಂಡ್ರೆ ಕಾರಣ ಎರಡೇ ಜಾಗದಲ್ಲಿ ಹುಡುಕಬೇಕು. ಒಂದು ನಿಮ್ಮ ಬ್ರೌಸರ್, ಇನ್ನೊಂದು ವೆಬ್‌ಸೈಟಿನ ಮುಂದಿನ ಕ್ಯಾಶ್. ಬೀಗ ಹಾಕದ ಹಳೇ ಸೈಟುಗಳಿಗೆ ಮಾತ್ರ ಲ್ಯಾಬ್ ಪ್ರಾಕ್ಸಿ ಇನ್ನೂ ಆರೋಪಿ.

ಓದುಗರು ಏನು ಮಾಡಬಹುದು?

ಕಂಪ್ಯೂಟರಲ್ಲಿ ಕಂಟ್ರೋಲ್ ಒತ್ತಿಕೊಂಡು ಎಫ್5 ಒತ್ತಿದ್ರೆ ಬ್ರೌಸರ್ ತನ್ನ ಪ್ರತಿಯನ್ನ ಪಕ್ಕಕ್ಕಿಟ್ಟು ಹೊಸದನ್ನ ಕೇಳುತ್ತೆ, ಜೊತೆಗೆ ದಾರಿಯಲ್ಲಿರೋ ಪ್ರಾಕ್ಸಿಗೂ ‘ಹೊಸದು ತಾ’ ಅಂತ ಹೇಳುತ್ತೆ. ಸ್ಕ್ವಿಡ್ ಸಾಮಾನ್ಯವಾಗಿ ಈ ಮಾತು ಕೇಳುತ್ತೆ. ಸಿಡಿಎನ್‌ಗಳು ಹೆಚ್ಚಾಗಿ ಕೇಳಲ್ಲ, ಕೇಳಿದ್ರೆ ಯಾರು ಬೇಕಾದ್ರೂ ಎಫ್5 ಒತ್ತಿ ಒತ್ತಿ ಸರ್ವರ್ ಬೀಳಿಸಬಹುದಲ್ಲ. ಮೊಬೈಲಲ್ಲಿ ಅದೇ ಲಿಂಕನ್ನ ಇನ್‌ಕಾಗ್ನಿಟೋದಲ್ಲಿ ತೆಗೆದು ನೋಡಿ. ಅಲ್ಲಿ ಹೊಸದು ಕಂಡ್ರೆ ತಪ್ಪು ನಿಮ್ಮ ಬ್ರೌಸರಿನ ಕ್ಯಾಶ್‌ದು. ಅಲ್ಲೂ ಹಳೇದೇ ಇದ್ರೆ ವೆಬ್‌ಸೈಟಿನವರಿಗೆ ಹೇಳಬೇಕಾದ ವಿಷಯ.

ಸ್ವಲ್ಪ ಕಂಪ್ಯೂಟರ್ ಗೊತ್ತಿರೋರು ಎಫ್12 ಒತ್ತಿ ನೆಟ್‌ವರ್ಕ್ ವಿಭಾಗದಲ್ಲಿ ಆ ಪುಟದ ಹೆಡರ್ ನೋಡಬಹುದು. ‘ಏಜ್’ ಅಂತ ಒಂದು ಅಂಕಿ ಇದ್ರೆ, ಆ ಪ್ರತಿ ದಾರಿಯ ಕ್ಯಾಶ್‌ಗಳಲ್ಲಿ ಎಷ್ಟು ಸೆಕೆಂಡ್ ಕಳೆದಿದೆ ಅಂತ ಅದು ಹೇಳುತ್ತೆ. ಏಜ್ 9000 ಅಂತಿದ್ರೆ ನೀವು ಓದ್ತಿರೋ ರೇಟು ಎರಡೂವರೆ ಗಂಟೆ ಹಿಂದೆ ಸರ್ವರ್ ಬಿಟ್ಟಿದ್ದು. ದೂರು ಕೊಡುವಾಗ ಈ ಅಂಕಿಯ ಸ್ಕ್ರೀನ್‌ಶಾಟ್ ಕಳಿಸಿದ್ರೆ ‘ನಮ್ಮಲ್ಲಿ ಸರಿ ಇದೆ’ ಅನ್ನೋ ಉತ್ತರ ಬರಲ್ಲ.

ಇಷ್ಟೆಲ್ಲ ತಲೆಬಿಸಿ ಬೇಡ ಅನ್ನೋರಿಗೆ ಸುದ್ದಿಯ ಒಳಗೇ ‘ಬೆಳಗ್ಗೆ 6.45ಕ್ಕೆ ಪರಿಷ್ಕರಿಸಲಾಗಿದೆ’ ಅನ್ನೋ ಸಾಲು ಇದೆಯಾ ನೋಡೋದು ಸಾಕು. ರೇಟಿನ ಪಟ್ಟಿಯ ಮೇಲೆ ದಿನಾಂಕ ಇಲ್ಲದಿದ್ರೆ ಆ ಪಟ್ಟಿ ನೋಡಿ ಅಡಿಕೆ ಗಾಡಿಗೆ ಹೇರಬೇಡಿ, ಮಂಡಿಗೆ ಒಂದು ಫೋನ್ ಮಾಡಿ.

ವಾಟ್ಸಾಪ್ ಗ್ರೂಪಿನ ವಿಷಯ ಬೇರೆಯೇ. ಲಿಂಕ್ ಹಾಕಿದಾಗ ಕೆಳಗೆ ಮೂಡೋ ಚಿತ್ರ, ಶೀರ್ಷಿಕೆ ಕಳಿಸಿದವರ ಫೋನಲ್ಲೇ ತಯಾರಾಗಿ ಮೆಸೇಜಿನ ಜೊತೆಗೇ ಹೋಗಿರುತ್ತೆ. ಆಮೇಲೆ ಸುದ್ದಿ ಎಷ್ಟೇ ತಿದ್ದಿದ್ರೂ, ಪರ್ಜ್ ಮಾಡಿದ್ರೂ ಅದು ಬದಲಾಗಲ್ಲ. ರಾತ್ರಿ ಹತ್ತಕ್ಕೆ ‘ನಿರ್ಧಾರವಿಲ್ಲ’ ಅಂತ ಗ್ರೂಪಿಗೆ ಬಂದ ಆ ಚೌಕ ಬೆಳಗ್ಗೆ ಏಳಕ್ಕೂ ಹಾಗೇ ಇರುತ್ತೆ. ಅದನ್ನ ಓದಿ ಮುಂದೆ ಹೋಗದೆ, ಒತ್ತಿ ಒಳಗೆ ಹೋಗಿ ನೋಡಿದವರಿಗೆ ಮಾತ್ರ 6.45ರ ಸುದ್ದಿ.